ಊಬಿನ ಹುಲ್ಲಿನ ಮುಳ್ಳು

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಮುಂದಿನ ಸಾಲಿನಲ್ಲಿ ಕೂತಿರುವ ನೀಲಿ ಲಂಗದ ಪುಟ್ಟಿ, ಬಾರಮ್ಮ ಇಲ್ಲಿ. ಈ ಮೇಜಿನ ಮೇಲೆ ಒಂದು ರಟ್ಟು ಇದೆ, ಗಡಿಯಾರದ ಮುಖದ ಹಾಗೆ. ಸುತ್ತ ನೂರು ಗೀಟು ಎಳೆದಿದ್ದೇನೆ. ನಡುವೆ ಕೂದಲಿಗಿಂತ ಸ್ವಲ್ಪ ದಪ್ಪಗೆ, ಕಂದು ಬಣ್ಣದ್ದು ನಿಂತಿದೆಯಲ್ಲ, ಅದರ ತುದಿಗೆ ಹಂಚಿಕಡ್ಡಿಯ ಸೀಳು ಅಂಟಿಸಿದ್ದೇನೆ. ಅದೇ ಇದರ ಮುಳ್ಳು. ಉಸಿರು ಬಿಡಬೇಡ, ಸ್ವಲ್ಪ ದೂರದಿಂದಲೇ ನೋಡು. ಎಷ್ಟರ ಮೇಲಿದೆ? ಮೂವತ್ತೆರಡು. ಗಂಟೆ ಎಷ್ಟು? ಹತ್ತೂವರೆ. ಈ ನೋಟ್‌ಬುಕ್ಕಿನಲ್ಲಿ ಬರೆದು ನಿನ್ನ ಸಹಿ ಹಾಕು. ಹೋಗಿ ಕೂತ್ಕೋ. ಕೊನೆಯಲ್ಲಿ ಮತ್ತೆ ಕರೆಯುತ್ತೇನೆ, ಅಷ್ಟರೊಳಗೆ ಎದ್ದು ಹೋಗುವ ಹಾಗಿಲ್ಲ. ನೀವೂ ಅಷ್ಟೇ.

ಇವತ್ತು ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ. ವಿ. ರಾಮನ್ ಅವರ ಶೋಧ ನಡೆದ ದಿನ. ರಾಮನ್ ಬಗ್ಗೆ ಇವತ್ತು ಬಳ್ಳಾರಿಯ ಪ್ರತಿ ಶಾಲೆಯಲ್ಲೂ ಒಂದು ಭಾಷಣ ಇದ್ದೇ ಇರುತ್ತದೆ, ಹಾಗಾಗಿ ನಾನು ಬೇರೆ ದಾರಿ ಹಿಡಿಯುತ್ತೇನೆ. ಈ ಹಳೆಯ ಪ್ರಯೋಗಾಲಯದಲ್ಲಿ ನಾನು ಭೌತಶಾಸ್ತ್ರ ಕಲಿತೆ, ಆಮೇಲೆ ಮೂವತ್ತು ವರ್ಷ ಇಲ್ಲೇ ಕಲಿಸಿದೆ. ಈಗ ಇದನ್ನು ಸಂಗ್ರಹಾಲಯ ಮಾಡಿದ್ದಾರೆ, ಇವತ್ತು ಊರಿಗೆಲ್ಲ ಬಾಗಿಲು ತೆರೆದಿದ್ದಾರೆ. ಬೆಳಿಗ್ಗೆಯಿಂದ ಬಂದವರು ಕೇಳಿದ ಮೊದಲ ಪ್ರಶ್ನೆ, 'ರಾಕೆಟ್ ಎಲ್ಲೈತ್ರಿ ಮೇಡಂ?' ರಾಕೆಟ್ ಇಲ್ಲ. ಇಲ್ಲಿರುವುದು ಹಿತ್ತಾಳೆ, ಗಾಜು, ತೇಗದ ಪೆಟ್ಟಿಗೆ, ಒಂದಷ್ಟು ಪಾದರಸ. ಇವುಗಳಲ್ಲಿ ಅರ್ಧಕ್ಕರ್ಧ ಕೆಟ್ಟಿವೆ. ಕೆಟ್ಟದ್ದನ್ನು ಯಾಕೆ ಗಾಜಿನೊಳಗೆ ಇಟ್ಟಿದ್ದಾರೆ ಅನ್ನುವುದೇ ನನ್ನ ಮಾತಿನ ವಿಷಯ.

ಅದಕ್ಕೆ ಮೊದಲು ಆ ಕಿಟಕಿಯ ಕಡೆ ನೋಡಿ. ಕಾಣುವುದು ನಮ್ಮ ಕೋಟೆ ಗುಡ್ಡ. ಅದರಾಚೆ ಕುಂಬಾರ ಗುಡ್ಡ. ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಈ ಕಥೆ ಹೊಸದಲ್ಲ. ಹದಿನೆಂಟನೇ ಶತಮಾನದಲ್ಲಿ ಈ ಊರು ಹೈದರಾಲಿಯ ಕೈಗೆ ಬಂತು, ಅವನು ಒಬ್ಬ ಫ್ರೆಂಚ್ ಇಂಜಿನಿಯರನ್ನು ಇಟ್ಟುಕೊಂಡು ಕೋಟೆ ಗಟ್ಟಿ ಮಾಡಿಸಿದ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ. ಅಲ್ಲಿ ತೋಪು ಇಟ್ಟವನಿಗೆ ಇಡೀ ಕೋಟೆ ಅಂಗೈಯಲ್ಲಿ ಇದ್ದ ಹಾಗೆ. ಇಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೆ ಹಾಕಿಸಿದನಂತೆ. ಅವನ ಗೋರಿ ಅಂತ ಪೂರ್ವದ ಬಾಗಿಲ ಹತ್ತಿರ ಈಗಲೂ ತೋರಿಸುತ್ತಾರೆ.

ಐತಿಹ್ಯ ಇದು. ಕೋಟೆ ಕಟ್ಟುವುದನ್ನೇ ಕಸುಬು ಮಾಡಿಕೊಂಡವನು ಎದುರಿನ ಗುಡ್ಡ ನೋಡದಷ್ಟು ದಡ್ಡನಿದ್ದ ಅಂತ ನನಗಂತೂ ನಂಬಿಕೆಯಿಲ್ಲ. ನೋಡಿದ್ದ, ಹೇಳಿದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ ಅಂತಲೂ ಇರಬಹುದು. ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಅದು ಗೊತ್ತು. ಆದರೆ ಚಿಕ್ಕವಳಿದ್ದಾಗ ಈ ಕಥೆ ಕೇಳಿ ನಾನು ನಮ್ಮಪ್ಪನನ್ನು ಕೇಳಿದ್ದೆ, ಎರಡು ಗುಡ್ಡದಲ್ಲಿ ಯಾವುದು ಎತ್ತರ ಅಂತ ಕೆಳಗೆ ನಿಂತರೆ ಗೊತ್ತಾಗಲ್ವಾ? ನಮ್ಮಪ್ಪ ಕೌಲ್ ಬಜಾರಿನ ಗೌಂಡಿ. ಅವರು ಅಂದದ್ದು: 'ಕೆಳಗೆ ನಿಂತ್ರ ಹತ್ರ ಇದ್ದದ್ದೇ ಎತ್ರ ಕಾಣ್ತೈತಿ ಯವ್ವಾ. ಮ್ಯಾಲೆ ಹತ್ತಿ ಪರಾತದಾಗ ನೀರು ಹಾಕು. ನೀರಿನ ಅಂಚಿಗೆ ಕಣ್ಣು ಇಟ್ಟು ನೋಡು. ಆಚೀಕಡೆ ತುದಿ ನೀರಿಗಿಂತ ಮ್ಯಾಲೆ ಕಂಡ್ರ ಅದು ದೊಡ್ಡದು.'

ಪರಾತ, ನೀರು, ಕಣ್ಣು. ಅಳತೆಯ ಉಪಕರಣ ಮುಗಿಯಿತು. ಗೌಂಡಿಗಳು ಇವತ್ತಿಗೂ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮನೆಯ ನಾಲ್ಕು ಮೂಲೆಗೂ ಮಟ್ಟ ತೆಗೆಯುತ್ತಾರೆ. ಆದರೆ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ನಮ್ಮಪ್ಪ ಪೈಪು ಕೈಗೆ ತೆಗೆದುಕೊಂಡ ಕೂಡಲೇ ಮೊದಲು ಗೋಡೆ ಅಳೆಯುತ್ತಿರಲಿಲ್ಲ. ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದರು. ಮೊದಲು ಪೈಪಿನ ಪರೀಕ್ಷೆ, ಆಮೇಲೆ ಗೋಡೆಯ ಪರೀಕ್ಷೆ. ಇದನ್ನೇ ನಾನು ಪಿಯುಸಿಗೆ ಬಂದಾಗ ಮೇಷ್ಟ್ರು 'ಶೂನ್ಯ ದೋಷ' ಅಂದರು. ಅಪ್ಪನ ಪೈಪು ನೆನಪಾಯಿತು.

ಈ ಕಟ್ಟಡವನ್ನೂ ನಾನು ಅಪ್ಪನ ಕಣ್ಣಿಂದಲೇ ನೋಡುತ್ತೇನೆ. ಇದು ಎದ್ದಾಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರವರೆಗೂ ಹಾಗೇ ಇತ್ತು. ಕೊಪ್ಪಳ, ರಾಯಚೂರಿನಿಂದ ಬಂದ ಸ್ನೇಹಿತರು ನಗಬೇಡಿ, ನೀವು ಆಗ ನಿಜಾಮರ ಕಡೆ. ಅದಕ್ಕೇ ಇಲ್ಲಿನ, ಗಾಳಿಯ ಒತ್ತಡ ಅಳೆಯುವ ಬಾರೋಮೀಟರಿನ ಮೇಲೆ ಪಿ. ಓರ್ ಅಂಡ್ ಸನ್ಸ್, ಮದ್ರಾಸ್ ಅಂತ ಕೆತ್ತಿದೆ, ತಲೆಯ ಮೇಲೆ ಮದ್ರಾಸ್ ತಾರಸಿ ಇದೆ. ತೇಗದ ತೊಲೆ, ಅದರ ಮೇಲೆ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಗೋಡೆ ಎರಡು ಮೊಳ ದಪ್ಪ. ಒಮ್ಮೆ ಸೋರಿಕೆ ರಿಪೇರಿಗೆ ಬಂದಾಗ ಅಪ್ಪ ಗೋಡೆ ತಟ್ಟಿ, 'ಈ ಗ್ವಾಡಿ ಮಧ್ಯಾಹ್ನ ಕುಡಿದ ಬಿಸಲನ್ನ ರಾತ್ರಿ ಕಕ್ಕತೈತಿ' ಅಂದಿದ್ದರು. ಬಳ್ಳಾರಿ ಬಿಸಿಲಿನಲ್ಲಿ ಅಳತೆಯ ಕೋಣೆಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಹೊರಗೆ ನಲವತ್ತು ಡಿಗ್ರಿ ಇದ್ದರೂ ಒಳಗಿನ ಉಷ್ಣತೆ ಪಾಠದ ಎರಡು ಗಂಟೆಯಲ್ಲಿ ಹೆಚ್ಚು ಏರಿಳಿಯುವುದಿಲ್ಲ.

ಒಳಗೆ ಹೋದಾಗ ನೆಲದ ಮಧ್ಯದ ಕಲ್ಲಿನ ಕಂಬವನ್ನು ನೋಡಿ. ಸೊಂಟದೆತ್ತರ, ಮೇಲೆ ನುಣುಪು ಚಪ್ಪಡಿ. ಪೂಜೆಯ ಕಟ್ಟೆ ಅಂದುಕೊಂಡು ಬೆಳಿಗ್ಗೆ ಒಬ್ಬ ಅಜ್ಜಿ ಕೈ ಮುಗಿದರು. ಅದು ವಿದ್ಯುತ್ ಪ್ರವಾಹ ಅಳೆಯುವ ಗ್ಯಾಲ್ವನೋಮೀಟರಿನ ಕಂಬ. ಅದರ ಬುಡದ ಸುತ್ತ ಬೆರಳಗಲದ ಸಂದು ಬಿಟ್ಟಿದ್ದಾರೆ, ಕಂಬಕ್ಕೂ ನೆಲಕ್ಕೂ ಎಲ್ಲಿಯೂ ತಾಗುವುದಿಲ್ಲ. ಅದರ ಅಡಿಪಾಯವೇ ಬೇರೆ. ಹುಡುಗರು ಕಾಲು ಅಪ್ಪಳಿಸಿ ನಡೆದರೂ ಆ ಅದುರು ಕಂಬಕ್ಕೆ ಹೋಗಬಾರದು ಅಂತ. ಕಳೆದ ತಿಂಗಳು ಸಂದನ್ನು ಸ್ವಚ್ಛ ಮಾಡಿದಾಗ ಏನು ಸಿಕ್ಕಿತು ಗೊತ್ತಾ? ಮೂರು ಪೆನ್ನಿನ ಮುಚ್ಚಳ, ಅರ್ಧ ಬ್ಲೇಡು, ಮೂರು ಪೈಸೆಯ ಒಂದು ನಾಣ್ಯ, ಒಂದು ಚೀಟಿ. ಚೀಟಿಯಲ್ಲಿ ಏನಿತ್ತು ಅಂತ ಹೇಳುವುದಿಲ್ಲ. ಬರೆದವರು ಈಗ ಅಜ್ಜ ಆಗಿರಬಹುದು, ಈ ಸಭೆಯಲ್ಲೇ ಇರಬಹುದು.

ಈಗ ಮೇಜಿನ ಮೇಲಿನ ಹುಲ್ಲಿಗೆ ಬರೋಣ.

ಇಲ್ಲಿ ಕುರಿ ಸಾಕಿದ ಮನೆಯವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹಾಗಾದರೆ ನಿಮಗೆ ಇದು ಗೊತ್ತು. ಮಳೆಗಾಲ ಮುಗಿದು ಗುಡ್ಡದ ಹುಲ್ಲು ಕೆಂಪಗಾದಾಗ ಕುರಿಯ ಉಣ್ಣೆಗೆ, ನಮ್ಮ ಸೀರೆಯ ಅಂಚಿಗೆ, ಕಾಲುಚೀಲಕ್ಕೆ ಚುಚ್ಚಿಕೊಂಡು ಬರುವ ಬೀಜ. ಮುಂದೆ ಸೂಜಿಯಂಥ ಮೊನೆ, ಹಿಂದೆ ಉದ್ದನೆಯ ಬಾಲ. ಆ ಬಾಲವೇ ಊಬು. ಊಬು ಒಣಗಿದಾಗ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ, ತೇವ ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಅದರ ಜೀವಕೋಶದ ಗೋಡೆಯೊಳಗಿನ ಎಳೆಗಳೇ ಸುರುಳಿಯಾಗಿ ಜೋಡಿಸಿಕೊಂಡಿವೆ, ನೀರು ಕುಡಿದಾಗ ಒಂದು ದಿಕ್ಕಿಗೆ ಮಾತ್ರ ಹಿಗ್ಗುತ್ತವೆ. ಹಗಲು ಒಣಗಿ, ರಾತ್ರಿ ಇಬ್ಬನಿಗೆ ನೆನೆದು, ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ಮಣ್ಣಿನೊಳಗೆ ಕೊರೆದುಕೊಂಡು ಇಳಿಯುತ್ತದೆ. ಕುರಿಯ ಚರ್ಮಕ್ಕೂ ಹೀಗೇ ಇಳಿಯುತ್ತದೆ. ಸಂಗನಕಲ್ಲಿನ ಕಡೆ ನಮ್ಮ ಅಜ್ಜಿ ಸಂಜೆ ಕೂತು ಮರಿಗಳ ಮೈಯಿಂದ ಒಂದೊಂದೇ ಊಬು ಕೀಳುತ್ತ ಬೈಯುತ್ತಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಹೆಟೆರೊಪೋಗಾನ್ ಕಂಟಾರ್ಟಸ್ ಅಂತ ಹೆಸರು. ಕಂಟಾರ್ಟಸ್ ಅಂದರೆ ತಿರುಚಿಕೊಂಡದ್ದು. ನಮಗೆ ಊಬಿನ ಹುಲ್ಲು.

ಇನ್ನೂರು ವರ್ಷಕ್ಕೂ ಹಿಂದೆ ಇದೇ ಹುಲ್ಲು ಮೈಸೂರು ಸೀಮೆಯಲ್ಲಿ ಒಬ್ಬ ಇಂಗ್ಲಿಷ್ ಲೆಫ್ಟಿನೆಂಟನ ಕಣ್ಣಿಗೆ ಬಿತ್ತು. ಹೆಸರು ಹೆನ್ರಿ ಕೇಟರ್. 1777ರಲ್ಲಿ ಬ್ರಿಸ್ಟಲಿನಲ್ಲಿ ಹುಟ್ಟಿದವನು, ಸೈನ್ಯದ ಜೊತೆ ಮದ್ರಾಸಿಗೆ ಬಂದವನು. ಊಬಿನ ಒಂದು ತುದಿ ಭದ್ರಪಡಿಸಿ, ಇನ್ನೊಂದು ತುದಿ ಮುಳ್ಳನ್ನು ತಿರುಗಿಸುವ ಹಾಗೆ ಮಾಡಿ, ಗಾಳಿಯ ತೇವ ಅಳೆಯುವ ಉಪಕರಣ ಕಟ್ಟಿದ. ಅದರ ವಿವರಣೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ 1807ರಲ್ಲಿ ಅಚ್ಚಾಯಿತು. ಹುಲ್ಲಿಗೆ ಕನ್ನಡದಲ್ಲಿ ಏನು ಹೆಸರು ಅಂತ ಅವನು ಯಾರನ್ನೋ ಕೇಳಿ ತಿಳಿದುಕೊಂಡಿದ್ದಾನೆ, ತನ್ನ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಈಗ ಅದನ್ನು ಜೋರಾಗಿ ಓದಿದರೆ 'ಊಬೀನ ಹೂಲೂ' ಅಂತ ಕೇಳಿಸುತ್ತದೆ. ಅಚ್ಚಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ನಾನು ಗ್ರಂಥಾಲಯ ಅನ್ನುವುದನ್ನೂ ಮರೆತು ನಕ್ಕುಬಿಟ್ಟೆ. ನಮ್ಮ ಅಜ್ಜಿ ಬೈಯುತ್ತಿದ್ದ ಹುಲ್ಲು! ಆ ಹೆಸರನ್ನು ಹೇಳಿಕೊಟ್ಟವನು ಕುರಿಯವನೋ, ಪಲ್ಲಕ್ಕಿ ಹೊತ್ತವನೋ, ಡೇರೆಯ ಆಳೋ, ಅವನ ಹೆಸರು ಮಾತ್ರ ಅಲ್ಲಿಲ್ಲ.

ಕೇಟರ್ ಇಲ್ಲಿ ಮಾಡುತ್ತಿದ್ದದ್ದು ವಿಲಿಯಂ ಲ್ಯಾಂಬ್ಟನ್ನನ ಕೈಕೆಳಗೆ ಭೂಮಾಪನ. ಟಿಪ್ಪು ಬಿದ್ದ ಮೇಲೆ ಲ್ಯಾಂಬ್ಟನ್ ಒಂದು ದೊಡ್ಡ ಹಟ ಹಿಡಿದ: ದಕ್ಷಿಣ ಭಾರತವನ್ನೆಲ್ಲ ತ್ರಿಕೋನಗಳಿಂದ ಹೆಣೆದು ಭೂಮಿಯ ಆಕಾರವನ್ನೇ ಲೆಕ್ಕ ಹಾಕುವುದು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯ ಆಧಾರರೇಖೆ, ಎಂದರೆ ಮೊದಲ ತ್ರಿಕೋನದ ಒಂದು ಬದಿ, ಅಳೆದು ಶುರು ಮಾಡಿದ. ಅವನ ತ್ರಿಕೋನಗಳು ನಮ್ಮ ಕಡೆಗೂ ಬಂದವು. 1811ರಲ್ಲಿ ಇನ್ನೊಂದು ಆಧಾರರೇಖೆ ಅಳೆದದ್ದು ಗುತ್ತಿಯಲ್ಲಿ. ಗುಂತಕಲ್ ದಾಟಿದರೆ ಸಿಗುವ ಅದೇ ಗುತ್ತಿ.

ಅಳೆಯಲು ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಅದರದ್ದೂ ಒಂದು ಕಥೆ. ಮೊದಲು ಅದನ್ನು ಹೊತ್ತೊಯ್ದದ್ದು ಚೀನಾದ ಚಕ್ರವರ್ತಿಗೆ, 1793ರಲ್ಲಿ ಬ್ರಿಟಿಷ್ ರಾಯಭಾರಿ ಮಕಾರ್ಟ್ನಿ ಒಯ್ದ ಉಡುಗೊರೆಗಳ ಜೊತೆ. ಅಲ್ಲಿ ಯಾರಿಗೂ ಬೇಡವಾಯಿತು. ತಿರುಗಿ ಕಲ್ಕತ್ತೆಗೆ ಬಂದು ಲ್ಯಾಂಬ್ಟನ್ನನ ಕೈ ಸೇರಿತು. ಚಕ್ರವರ್ತಿ ಒಲ್ಲೆ ಅಂದ ಸರಪಳಿ ನಮ್ಮ ನೆಲ ಅಳೆಯಿತು.

ಬಳ್ಳಾರಿಯವರಿಗೆ ಅರ್ಥವಾಗುವ ಲೆಕ್ಕ ಒಂದನ್ನು ಹೇಳುತ್ತೇನೆ. ನೂರು ಅಡಿ ಅಂದರೆ ಸುಮಾರು 30 ಮೀಟರ್. ಬೆಳಗಿನ ತಂಪಿನಲ್ಲಿ 20 ಡಿಗ್ರಿ ಇದ್ದ ಉಕ್ಕು ಮಧ್ಯಾಹ್ನ 40 ಡಿಗ್ರಿಗೆ ಕಾದರೆ ಆ ಸರಪಳಿ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಏಳು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಏಳೂವರೆ ಮೈಲಿ ಅಳೆಯಲು ಸರಪಳಿಯನ್ನು 400 ಸಲ ಹಾಸಬೇಕು. ಆಗ ತಪ್ಪು 2.8 ಮೀಟರ್ ಆಗುತ್ತದೆ. ಒಂದು ಆಟೋರಿಕ್ಷಾದ ಉದ್ದ. ಹಿಗ್ಗಿದ ಸರಪಳಿಯಿಂದ ಅಳೆದು ಆಧಾರರೇಖೆಯಲ್ಲೇ ಒಂದು ಆಟೋ ಕಡಿಮೆ ಬಂದರೆ ಅದರ ಮೇಲೆ ಕಟ್ಟಿದ ತ್ರಿಕೋನಗಳೆಲ್ಲ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಅದಕ್ಕೇ ಲ್ಯಾಂಬ್ಟನ್ ಸರಪಳಿಯನ್ನು ಮರದ ದೋಣಿಗಳಂಥ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಪ್ರತಿ ಅಳತೆಗೂ ಬಿಸಿ ಎಷ್ಟಿತ್ತು ಅಂತ ಬರೆಸಿದ. ಸರಪಳಿ ಹಿಗ್ಗುವುದನ್ನು ಅವನು ತಡೆಯಲಿಲ್ಲ, ತಡೆಯಲು ಆಗುವುದೂ ಇಲ್ಲ. ಎಷ್ಟು ಹಿಗ್ಗಿತು ಅನ್ನುವುದನ್ನು ತಿಳಿದಿಟ್ಟುಕೊಂಡ.

ದೂರದ ಗುರುತುಗಳ ನಡುವಿನ ಕೋನ ಅಳೆಯುವ ಅವನ ಥಿಯೋಡೊಲೈಟ್ ಬಗ್ಗೆ ಹೇಳದೆ ಮುಂದೆ ಹೋದರೆ ಪಾಪ. ಲಂಡನ್ನಿನಲ್ಲಿ ಕ್ಯಾರಿ ಎಂಬ ಉಪಕರಣ ತಯಾರಕ ಮಾಡಿದ್ದು, ಅರ್ಧ ಟನ್ ಭಾರ, ಅದರ ಕೋನ ಓದುವ ವೃತ್ತವೇ ಮೂರು ಅಡಿ ಅಗಲ. ಬರುವ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಎಳೆದುಕೊಂಡು ಹೋದರು. ಪೆಟ್ಟಿಗೆಯಲ್ಲಿ ಇರುವುದು ವಿಜ್ಞಾನದ ಉಪಕರಣ ಅಂತ ತಿಳಿದು, ಅಲ್ಲಿನ ಗವರ್ನರ್ ಶುಭಾಶಯದ ಮಾತು ಸೇರಿಸಿ ಮದ್ರಾಸಿಗೆ ಕಳಿಸಿಕೊಟ್ಟ. ಯುದ್ಧದ ನಡುವೆಯೂ ಅಷ್ಟು ಮರ್ಯಾದೆ ಇತ್ತು. ಶತ್ರುವಿನ ಕೈಯಲ್ಲಿ ಕೆಡದೆ ಬಂದದ್ದು 1808ರಲ್ಲಿ ತಂಜಾವೂರಿನಲ್ಲಿ ಕೆಟ್ಟಿತು. ಸುತ್ತ ಬಯಲು, ಬೆಟ್ಟ ಇಲ್ಲ. ದೊಡ್ಡ ದೇವಸ್ಥಾನದ ಗೋಪುರಕ್ಕೆ ಹಗ್ಗ ಕಟ್ಟಿ ಏರಿಸುವಾಗ ಹಗ್ಗ ತುಂಡಾಗಿ, ಪೆಟ್ಟಿಗೆ ಹೋಗಿ ಗೋಡೆಗೆ ಬಡಿಯಿತು. ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಏನು ಮಾಡಿದ? ಆರು ವಾರ ಬಾಗಿಲು ಹಾಕಿಕೊಂಡು ಕೂತ. ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತ ಬರೆದು, ಬೆಣೆ, ತಿರುಪು, ರಾಟೆ ಹಾಕಿ ಕೂದಲೆಳೆಯಷ್ಟೇ ಎಳೆಯುತ್ತ ಎಳೆಯುತ್ತ ಸೊಟ್ಟಗಾದದ್ದನ್ನು ವೃತ್ತಕ್ಕೆ ತಂದ. ಮತ್ತೆ ಎಷ್ಟೋ ವರ್ಷ ಅದೇ ಥಿಯೋಡೊಲೈಟ್ ಕೆಲಸ ಮಾಡಿತು.

ಲ್ಯಾಂಬ್ಟನ್, ಎವರೆಸ್ಟ್ ಅಂತ ಹೆಸರುಗಳು ಪಾಠದಲ್ಲಿ ಬರುತ್ತವೆ. ಎವರೆಸ್ಟ್ ಅಂದರೆ ಶಿಖರಕ್ಕೆ ಹೆಸರಾದ ಅದೇ ಜಾರ್ಜ್ ಎವರೆಸ್ಟ್, ಲ್ಯಾಂಬ್ಟನ್ನನ ಉತ್ತರಾಧಿಕಾರಿ. ಅವನ ಕಾಲದಲ್ಲಿ ಈ ಯಂತ್ರಗಳ ನಾಡಿ ಹಿಡಿದವರಲ್ಲಿ ಒಬ್ಬರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಮೊದಲು ಒಡವೆ ಕೆಲಸದವರು. ಇಂಗ್ಲೆಂಡಿನಿಂದ ಬಂದಿದ್ದ ಬ್ಯಾರೋ ನಂತರ ಸರ್ವೆ ಇಲಾಖೆಯ ಉಪಕರಣ ತಯಾರಕನ ಹುದ್ದೆ ಇವರಿಗೆ ಬಂತು. ಚಿನ್ನದ ಕೆಲಸದ ಕೈ ಹಿತ್ತಾಳೆಯ ವೃತ್ತದ ಮೇಲೆ ಗೀಟು ಹಾಕಿತು. ನಮ್ಮ ಬ್ರೂಸ್‌ಪೇಟೆಯ ಅಕ್ಕಸಾಲಿಗರು ಯಾರಾದರೂ ಬಂದಿದ್ದರೆ, ದಯವಿಟ್ಟು ಒಳಗಿನ, ಕೋನ ಅಳೆಯುವ ಸೆಕ್ಸ್‌ಟೆಂಟ್ ನೋಡಿ, ಅದರ ಬೆಳ್ಳಿಯ ಪಟ್ಟಿಯ ಮೇಲಿನ ಗೀಟುಗಳ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ ಹೋಗಿ. ನಮಗಿಂತ ನಿಮಗೆ ಅದು ಚೆನ್ನಾಗಿ ಕಾಣಿಸುತ್ತದೆ.

ಕೇಟರ್ ಎಲ್ಲಿ ಹೋದ ಅಂದಿರಾ? ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ವಾಪಸಾದ. ಅಲ್ಲಿ 1817ರ ಸುಮಾರಿಗೆ ಒಂದು ಲೋಲಕ ಮಾಡಿದ. ಬಿ.ಎಸ್ಸಿ. ಓದಿದವರೆಲ್ಲ ಈಗ ನಿಟ್ಟುಸಿರು ಬಿಡಬಹುದು. ಹೌದು, ಅದೇ ಕೇಟರ್ ಲೋಲಕ. ಒಳಗೆ ಗೋಡೆಗೆ ತೂಗಿದೆ.

ಅದರ ಜಾಣತನ ಇಷ್ಟೇ. ಲೋಲಕದ ಒಂದು ತೂಗಾಟಕ್ಕೆ ಎಷ್ಟು ಹೊತ್ತು ಅಂತ ಗೊತ್ತಾದರೆ, ಅದರ ಉದ್ದ ಗೊತ್ತಿದ್ದರೆ, ಭೂಮಿ ಎಷ್ಟು ಜೋರಾಗಿ ಎಳೆಯುತ್ತಿದೆ ಅಂತ ಹೇಳಬಹುದು. ತೊಂದರೆ ಇರುವುದು 'ಉದ್ದ' ಅನ್ನುವಲ್ಲಿ. ದಾರಕ್ಕೆ ಗುಂಡು ಕಟ್ಟಿದರೆ ಉದ್ದವನ್ನು ಎಲ್ಲಿಯವರೆಗೆ ಅಳೆಯಬೇಕು? ಗುಂಡಿನ ನಡುವಿನವರೆಗೋ? ದಾರದ ತೂಕ ಏನಾಯಿತು? ಕೇಟರ್ ಸರಳಿಗೆ ಎರಡು ಚೂರಿಯಂಚು ಇಟ್ಟ. ಒಂದರ ಮೇಲೆ ತೂಗು, ಆಮೇಲೆ ತಲೆಕೆಳಗು ಮಾಡಿ ಇನ್ನೊಂದರ ಮೇಲೆ ತೂಗು. ಬಿಲ್ಲೆಗಳನ್ನು ಸರಿಸುತ್ತ ಹೋಗಿ, ಎರಡೂ ಕಡೆಯ ಕಾಲ ಒಂದೇ ಬಂದಾಗ ನಿಲ್ಲಿಸು. ಈಗ ಎರಡು ಅಂಚುಗಳ ನಡುವಿನ ದೂರವೇ ಬೇಕಾದ ಉದ್ದ. ತೂಕ ಎಲ್ಲಿ ಹೇಗೆ ಹಂಚಿದೆ ಅನ್ನುವ ತಲೆನೋವೇ ಇಲ್ಲ. ಅಪ್ಪ ಪೈಪಿನ ಎರಡು ತುದಿಯನ್ನು ಒಟ್ಟಿಗೆ ಹಿಡಿಯುತ್ತಿದ್ದರಲ್ಲ, ಅದೇ ಜಾತಿಯ ಯೋಚನೆ. ಉಪಕರಣವನ್ನೇ ಉಪಕರಣದ ವಿರುದ್ಧ ಸಾಕ್ಷಿ ನಿಲ್ಲಿಸುವುದು.

ನಮ್ಮ ಹುಡುಗರು ಇದನ್ನು ಹೇಗೆ ಮಾಡುತ್ತಿದ್ದರು ಅಂತ ನನಗೆ ಗೊತ್ತು, ನಾನೂ ಹಾಗೇ ಮಾಡಿದ್ದೆ. ಭೂಮಿಯ ಎಳೆತಕ್ಕೆ ಉತ್ತರ 978 ಬರಬೇಕು ಅಂತ ಮೊದಲೇ ಗೊತ್ತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸುವುದು. ಒಂದು ದಿನ ನಮ್ಮ ಅಟೆಂಡರ್ ತಾತ ನನ್ನ ರೆಕಾರ್ಡ್ ನೋಡಿ, 'ಇದು ನಮ್ಮ ಲೋಲಕದ್ದಲ್ಲ ತಾಯಿ' ಅಂದರು. ಏನು ತಾತ ಅಂದೆ. 'ನಮ್ಮದ್ರಾಗ ಕೆಳಗಿನ ಚೂರಿ ಸವೆದೈತಿ. ನಮ್ಮದು ಯಾವತ್ತೂ ಒಂಚೂರು ಹೆಚ್ಚೇ ತೋರಿಸ್ತೈತಿ. ನಿಂದು ಭಾಳ ಚಂದ ಐತಿ, ಅದಕ್ಕೇ ಸುಳ್ಳು.'

ಆ ತಾತ ಓದಿದ್ದು ಏಳನೇ ಇಯತ್ತೆ. ಅವರು ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ಸ್ಟಾಕ್ ಬುಕ್ ಅಂದುಕೊಂಡು ಬಿಚ್ಚಿದೆ. ಅಲ್ಲ. ಪ್ರತಿ ಉಪಕರಣದ ತಪ್ಪುಗಳನ್ನು ಬರೆದಿಟ್ಟಿದ್ದರು. 'ಸ್ಕ್ರೂಗೇಜು 3: ಮುಚ್ಚಿದಾಗ ಸೊನ್ನೆ ಇಲ್ಲ, ಎರಡು ಗೀಟು ಮುಂದೆ. ಬಿಗಿ ಮಾಡಬ್ಯಾಡ್ರಿ, ಲೆಕ್ಕದಾಗ ಕಳೀರಿ.' 'ಬಾರೋಮೀಟರು: ಮಾರ್ಚಿ ತಿಂಗಳ ನಾಲ್ಕು ಗಂಟೆಗೆ ಕಿಟಕಿ ಬಿಸಲು ಬೀಳ್ತೈತಿ. ಪರದೆ ಹಾಕಿ ಓದ್ರಿ.' 'ಸ್ಪೆಕ್ಟ್ರೋಮೀಟರು 1: ಎರಡೂ ಕಿಟಕಿ ಓದ್ರಿ, ಒಂದನ್ನ ನಂಬಬ್ಯಾಡ್ರಿ.' ಈ ಕೊನೆಯದು ನಾವು ಪಾಠದಲ್ಲಿ ಹೇಳುವುದೇ. ವೃತ್ತದ ಕೇಂದ್ರವೂ ತಿರುಗುವ ಅಕ್ಷವೂ ಒಂದೇ ಕಡೆ ಇಲ್ಲದಿದ್ದರೆ ಒಂದು ಕಿಟಕಿಯ ವರ್ನಿಯರ್, ಎಂದರೆ ಗೀಟು ಓದುವ ಸಣ್ಣ ಪಟ್ಟಿ, ಎಷ್ಟು ಹೆಚ್ಚು ತೋರಿಸುತ್ತದೋ ಎದುರಿನದು ಅಷ್ಟೇ ಕಡಿಮೆ ತೋರಿಸುತ್ತದೆ, ಸರಾಸರಿ ತೆಗೆದರೆ ತಪ್ಪು ಹೋಗುತ್ತದೆ. ನಾವು ಹೇಳುತ್ತಿದ್ದೆವು, ಹುಡುಗರು ಬರೆದುಕೊಳ್ಳುತ್ತಿದ್ದರು, ಪ್ರಯೋಗದಲ್ಲಿ ಒಂದನ್ನೇ ಓದಿ ಇನ್ನೊಂದಕ್ಕೆ 180 ಕೂಡಿಸಿ ಬರೆಯುತ್ತಿದ್ದರು. ತಾತನಿಗೆ ಅದೂ ಗೊತ್ತಿತ್ತು.

ಒಂದು ವರ್ಷ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಹುಚ್ಚು ಹಿಡಿದ ಹಾಗೆ ಆಡಿತು. ಕಾಂತಸೂಜಿ ಉತ್ತರಕ್ಕೆ ನಿಲ್ಲಲೊಲ್ಲದು. ಮೊದಲ ತರ್ಕ ಎಲ್ಲರಿಗೂ ಹೊಳೆದದ್ದೇ: ನಮ್ಮದು ಅದಿರಿನ ಸೀಮೆ, ಸಂಡೂರಿನಿಂದ ಹಗಲಿರುಳು ಲಾರಿ ಓಡುತ್ತಿದ್ದ ಕಾಲ, ಕೆಂಪು ಧೂಳು ಎಲ್ಲೆಲ್ಲೂ. ಗಣಿ ಧೂಳೇ ಕಾರಣ ಅಂತ ಪ್ರಿನ್ಸಿಪಾಲರವರೆಗೂ ಮಾತು ಹೋಯಿತು. ತಾತ ಒಂದು ವಾರ ಏನೂ ಹೇಳದೆ, ಸೂಜಿಯನ್ನು ಕೋಣೆಯ ಮೂಲೆ ಮೂಲೆಗೆ ಒಯ್ದು ನೋಡಿದರು. ಆಮೇಲೆ ಗೋಡೆಯಾಚೆ ಕಚೇರಿಗೆ ಹೋದರು. ದಾನಿಯೊಬ್ಬರು ಕೊಟ್ಟಿದ್ದ ಉಕ್ಕಿನ ಬೀರು, ಸರಿಯಾಗಿ ಕಂಬದ ಎದುರಿಗೆ, ಗೋಡೆಗೆ ಒತ್ತಿಕೊಂಡು ನಿಂತಿತ್ತು! ಬೀರು ಸರಿಸಿದರು, ಉತ್ತರ ದಿಕ್ಕು ವಾಪಸು ಬಂತು.

ಈ ಪುಸ್ತಕ ಇವತ್ತು ಮೂರನೇ ಕಪಾಟಿನಲ್ಲಿದೆ. ಇಡೀ ಸಂಗ್ರಹದಲ್ಲಿ ಬೆಲೆ ಕಟ್ಟಲಾಗದ್ದು ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಅದನ್ನೇ. ತಪ್ಪು ಬರೆದಿಟ್ಟ ಉಪಕರಣ ಕೆಟ್ಟರೂ ಉಪಕರಣವೇ. ಬರೆದಿಡದಿದ್ದರೆ ಹೊಳೆಯುವ ಹಿತ್ತಾಳೆ ಪಾತ್ರೆ. ಪಾತ್ರೆ ಅಂತಲೇ ನೋಡುವವರೂ ಇದ್ದಾರೆ. ನಾನು ಕೆಲವು ವರ್ಷ ಬೇರೊಂದು ಕಡೆ ಕೆಲಸ ಮಾಡಿದೆ. ಹೆಸರು ಬೇಡ. ಅಲ್ಲಿ ಬೇಸಿಗೆ ರಜೆ ಮುಗಿಸಿ ಬಂದು ನೋಡುತ್ತೇನೆ, ಎರಡು ಕಪಾಟು ಖಾಲಿ. ಕಂಡಮ್ ಮಾಡಿ ಗುಜರಿಗೆ ಹಾಕಿದರಂತೆ, ಹಿತ್ತಾಳೆ ಕೆಜಿ ಲೆಕ್ಕ. ಗುಜರಿ ಅಂಗಡಿಗೆ ಓಡಿದೆ. ಒಂದು ದೂರದರ್ಶಕದ ಕೊಳವೆ ಮಾತ್ರ ಉಳಿದಿತ್ತು, ಮಸೂರ ಕಿತ್ತಿದ್ದರು. ಅಂಗಡಿಯವನು ಒಳ್ಳೆಯವನು, 'ಅಕ್ಕಾ, ಗಾಜು ತೂಕಕ್ಕೆ ಬರಂಗಿಲ್ಲ, ಅದಕ್ಕ ಒಗೆದ್ವಿ' ಅಂದ.

ಸಮಯ ಓಡುತ್ತಿದೆ, ಇನ್ನೆರಡು ಮಾತು ಹೇಳಿ ಬಿಡುತ್ತೇನೆ.

ಒಂದು, ಉಪಕರಣ ಅಂದರೆ ಹಿತ್ತಾಳೆಯೇ ಆಗಬೇಕಿಲ್ಲ. ಸಂಗನಕಲ್ಲು ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಮೂರೂವರೆ ನಾಲ್ಕು ಸಾವಿರ ವರ್ಷದ ಹಿಂದೆ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಆ ಕೊಡಲಿಗಳನ್ನು ಹೇಗೆ ಮಾಡುತ್ತಿದ್ದರು ಅಂತ ವಿದ್ವಾಂಸರಿಗೆ ಹೇಳಿಕೊಟ್ಟದ್ದು ನುಣುಪಾದ, ಪೂರ್ತಿಯಾದ ಕೊಡಲಿಗಳಿಗಿಂತ ಹೆಚ್ಚಾಗಿ ಅರ್ಧಕ್ಕೆ ಒಡೆದು ಎಸೆದವು, ಉದುರಿದ ಚಕ್ಕೆಗಳು. ಎಲ್ಲಿ ಏಟು ತಪ್ಪಿತು ಅನ್ನುವುದು ಅವುಗಳ ಮೇಲೆ ಹಾಗೇ ಇದೆ. ನಮ್ಮೂರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯ ಇದೆ. 1863ರಲ್ಲಿ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ ಅವನು. ಇಲ್ಲಿಂದ ಹೊರಟವರು ಅಲ್ಲಿಗೂ ಹೋಗಿ. ಹಿರೇಗುಡ್ಡದಲ್ಲೇ ತಟ್ಟಿದರೆ ಗಂಟೆಯ ಹಾಗೆ ಮೊಳಗುವ ಬಂಡೆಗಳೂ ಇವೆ. ತಟ್ಟಿ ತಟ್ಟಿ ಗುಳಿ ಬಿದ್ದಿವೆ. ನೀವು ಹೋದಾಗ ತಟ್ಟಬೇಡಿ, ಅವರು ತಟ್ಟಿದ್ದು ಸಾಕು.

ಇನ್ನೊಂದು, ನನ್ನದೇ ಒಂದು ತಪ್ಪು. ತಾತನ ಪುಸ್ತಕದಲ್ಲಿ ಇಲ್ಲದ್ದು.

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿಯಿಂದ ಗುಂಟೂರಿನವರೆಗೆ, ಎಂದರೆ ನಮ್ಮ ರಾಯಚೂರು ಸೀಮೆಯ ಮೇಲೆ ಹಾದು ಹೋಯಿತು. ಜಮಖಂಡಿಯಲ್ಲಿ ಹರ್ಷಲ್ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷಲ್ ಇದ್ದ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಅವತ್ತು ಸೂರ್ಯನ ಅಂಚಿನ ಬೆಂಕಿನಾಲಗೆಗಳ ಬೆಳಕಿನಲ್ಲಿ ಕಂಡ ಒಂದು ಹಳದಿ ಗೀಟು ಆಮೇಲೆ ಹೀಲಿಯಂ ಅನ್ನುವ ಹೊಸ ಧಾತುವಿನದು ಅಂತಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ವನಪರ್ತಿಯಲ್ಲಿ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ದೂರದರ್ಶಕ ಹೂಡಿದ್ದರು. ಹಿಂದಿನ ವರ್ಷವಷ್ಟೇ ಒಂದು ಚಂಚಲ ನಕ್ಷತ್ರವನ್ನು, ಎಂದರೆ ಬೆಳಕು ಏರಿಳಿಯುವ ನಕ್ಷತ್ರವನ್ನು, ಕಂಡುಹಿಡಿದಿದ್ದ ಮನುಷ್ಯ. 1874ರ ಶುಕ್ರ ಸಂಕ್ರಮಣದ ಹೊತ್ತಿಗೆ ಜನಕ್ಕೆ ತಿಳಿಯಲಿ ಅಂತ ಅವರು ಬರೆದ ಕಿರುಪುಸ್ತಕ ಕನ್ನಡದಲ್ಲೂ ಬಂತು.

ಮತ್ತೆ 1980ರ ಫೆಬ್ರುವರಿ 16ರಂದು ಅಂಥದ್ದೇ ನೆರಳು ನಮ್ಮ ಕಡೆ ಬಂತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರಿನ ಆಚೆ ಜವಳಗೇರಾದಲ್ಲಿ ಬೀಡು ಬಿಟ್ಟರು. ಹತ್ತಿಯ ಕಪ್ಪು ನೆಲದ ನಡುವೆ ವರ್ಣಪಟಲ ಹಿಡಿಯುವ ಉಪಕರಣಗಳು. ಇಲ್ಲಿಂದ ಸಿರುಗುಪ್ಪದ ಬಸ್ಸು ಹತ್ತಿ, ಸಿಂಧನೂರಿನಲ್ಲಿ ಇನ್ನೊಂದು ಬಸ್ಸು. ಅಷ್ಟೇ ದಾರಿ. ನಾನು ಆಗ ಭೌತಶಾಸ್ತ್ರದ ವಿದ್ಯಾರ್ಥಿನಿ. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಜವಳಗೇರಾದವರು ಹಗಲಿನಲ್ಲಿ ನಕ್ಷತ್ರ ನೋಡುತ್ತಿದ್ದಾಗ ನಾನೆಲ್ಲಿದ್ದೆ? ಕೌಲ್ ಬಜಾರಿನ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಅಜ್ಜಿ ನೀರಿನ ಕೊಡಕ್ಕೆ ಗರಿಕೆ ಹಾಕುವುದನ್ನು ನೋಡುತ್ತ ಕೂತಿದ್ದೆ. ಅಜ್ಜಿಯನ್ನು ದೂರುವುದಿಲ್ಲ. ಹೊರಡುತ್ತೇನೆ ಅಂತ ನಾನು ಒಂದು ಮಾತೂ ಆಡಲಿಲ್ಲ.

ಸರಿ. ಒಳಗೆ ಹೋಗುವವರು ಹತ್ತು ಹತ್ತು ಜನ ಹೋಗಿ. ಪಾದರಸದ ಬಾರೋಮೀಟರನ್ನು ಮುಟ್ಟಬೇಡಿ. ಅದು 72 ಸೆಂಟಿಮೀಟರ್ ಆಸುಪಾಸು ತೋರಿಸಿದರೆ ಕೆಟ್ಟಿದೆ ಅನ್ನಬೇಡಿ, 76 ಇರುವುದು ಸಮುದ್ರದ ದಂಡೆಯಲ್ಲಿ, ನಾವು ಅಲ್ಲಿಂದ ಸುಮಾರು 450 ಮೀಟರ್ ಮೇಲಿದ್ದೇವೆ. ಲೋಲಕವನ್ನು ತೂಗಬಹುದು. ಗಡಿಯಾರ ಅಲ್ಲೇ ಇದೆ. ಬಂದ ಉತ್ತರ ಎಷ್ಟೇ ಇರಲಿ, ಅಷ್ಟೇ ಬರೆಯಿರಿ.

ನೀಲಿ ಲಂಗದ ಪುಟ್ಟಿ, ಬಾರಮ್ಮ. ಕಿಟಕಿ ಹಾಕಿದ ಕೋಣೆಯಲ್ಲಿ ಇಷ್ಟು ಜನ ಮುಕ್ಕಾಲು ಗಂಟೆ ಉಸಿರಾಡಿದ್ದೇವೆ, ಹುಲ್ಲು ಏನನ್ನುತ್ತದೆ ನೋಡು. ನೇರಕ್ಕೆ ನಿಂತು ಓದು, ಓರೆಯಾಗಿ ನೋಡಬೇಡ. ನಲವತ್ತೊಂದಾ? ನಲವತ್ತೊಂದಕ್ಕೂ ನಲವತ್ತೆರಡಕ್ಕೂ ನಡುವೆ? ಹಾಗಾದರೆ ಹಾಗೇ ಬರಿ. 11.15, 41ಕ್ಕೂ 42ಕ್ಕೂ ನಡುವೆ. ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸು: ಮೇಜನ್ನು ಮೇಡಂ ಎರಡು ಸಲ ಕೈಯಿಂದ ಕುಟ್ಟಿದರು.